ತಿಂಗಳಿಗೊಮ್ಮೆ ಜ್ವರ

14 ಜುಲೈ 1986, ಸೋಮವಾರ

ಹೊರಗಾದೆ. ಜಗಲಿಯ ಮೂಲೆ, ಚಾಪೆ, ಒಂದು ತಟ್ಟೆ, ಒಂದು ಲೋಟ. ಮೂರು ದಿನ ಮಗ್ಗ, ನೂಲು ಮುಟ್ಟುವಂತಿಲ್ಲ. ಸ್ಕೂಲೂ ಇಲ್ಲ — ಅಜ್ಜಿಯ ಕಾನೂನು. ಗೆಳತಿ ವಿಜಯಕುಮಾರಿ ಕೈಲಿ ಲೀವ್ ಲೆಟರ್ ಕಳಿಸಿದೆ: ಜ್ವರ.

ಬರೆಯಲು ಬಿಡುವು ಸಿಗುವುದು ಹೀಗೆ ಕೂತಾಗಲೇ. ಈ ತಮಿಳು ಊರಿನಲ್ಲಿ ತಾತ ಕಲಿಸಿದ ಕನ್ನಡ ಅಕ್ಷರ. ತಾತ ಹೋದ ಮೇಲೆ ಈ ಮನೆಯಲ್ಲಿ ಇದನ್ನು ಓದಬಲ್ಲವಳು ನಾನೊಬ್ಬಳೇ. ನೋಟ್‌ಬುಕ್ ಬಚ್ಚಿಡುವ ಕಷ್ಟವಿಲ್ಲ. ತೋರಿಸಲೂ ಯಾರಿಲ್ಲ.

17 ಜುಲೈ, ಗುರುವಾರ

ತಲೆಗೆ ನೀರು ಹಾಕಿಕೊಂಡು ಸ್ಕೂಲಿಗೆ. ಪಿ.ಟಿ. ಈಶ್ವರಿ ಟೀಚರ್ ಗ್ರೌಂಡಿನಲ್ಲಿ ಎಲ್ಲರ ಮುಂದೆ — “ಮಾಸಾ ಮಾಸಂ ಉನಕ್ಕು ಮಟ್ಟುಂ ಜೊರಮಾ?” ತಿಂಗಳು ತಿಂಗಳೂ ನಿನಗೆ ಮಾತ್ರ ಜ್ವರವಾ, ಅಂತ. ಹುಡುಗಿಯರು ಕಿಸಕ್ಕೆಂದರು. ಅವರಲ್ಲಿ ಯಾರ ಮನೆಯಲ್ಲೂ ಮಗ್ಗವಿಲ್ಲ.

ಆಮೇಲೆ ನನ್ನನ್ನೊಬ್ಬಳನ್ನೇ ಕರೆದರು. ಅಕ್ಟೋಬರಿನಲ್ಲಿ ಕೊಯಮತ್ತೂರಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಜಿಲ್ಲಾ ಪಂದ್ಯ. ಟೀಮಿಗೆ ಐದೇ ಜನ. ಅಲ್ಲಿ ಆಡಿದರೆ ಸರ್ಟಿಫಿಕೇಟ್, ಅದಿದ್ದರೆ ಕಾಲೇಜಿನಲ್ಲಿ ಸ್ಪೋರ್ಟ್ಸ್ ಕೋಟಾ. ನನ್ನ ಮಾರ್ಕಿಗೆ ಬೇರೆ ದಾರಿಯಿಲ್ಲ. ಆದರೆ ಆಗಸ್ಟಿನಿಂದ ಒಂದು ದಿನ ಪ್ರಾಕ್ಟೀಸ್ ತಪ್ಪಿದರೂ ಹೆಸರು ಹೊಡೆದುಹಾಕುತ್ತಾರಂತೆ. ಇರುತ್ತೀಯೋ ಬಿಡುತ್ತೀಯೋ, ಸೋಮವಾರ ಹೇಳಬೇಕಂತೆ.

ಅಪ್ಪ ಮೊದಲೇ ಹೇಳಿದ್ದಾರೆ: “ಸೀಟ್ ಸಿಕ್ಕಿದ್ರೆ ಓದು ನನ್ ಕಣ್ಣು. ಇಲ್ಲಾಂದ್ರೆ ರಾಮಲಿಂಗಂ ಮಾವ ಹೆಣ್ ಕೇಳ್ಕಂಡೇ ಇದ್ದಾರಲ್ಲ.” ಮಾವನಿಗೆ ಮೂವತ್ತೊಂದು.

21 ಜುಲೈ

ಇರ್ತೀನಿ ಅಂದೆ. ಹೇಗೆ ಅಂತ ನನ್ನನ್ನೇ ಕೇಳಿಕೊಳ್ಳಲಿಲ್ಲ.

11 ಆಗಸ್ಟ್, ಸೋಮವಾರ, ಸ್ಕೂಲಿನಲ್ಲಿ

ಬೆಳಗ್ಗೆ ಮುಟ್ಟಾಯಿತು. ಯಾರಿಗೂ ಹೇಳಲಿಲ್ಲ. ದಿನದಂತೆ ರಾಟೆ ಮುಂದೆ ಕೂತು ಅಪ್ಪನ ಲಾಳಿಗೆ ನೂಲು ಸುತ್ತಿಕೊಟ್ಟೆ — ಕೂರದಿದ್ದರೆ ಗೊತ್ತಾಗಿಬಿಡುತ್ತದಲ್ಲ. ಏನೂ ಆಗಲಿಲ್ಲ. ದೇವರ ದೀಪ ಕೂಡ ಆರಲಿಲ್ಲ!

ಹೊಟ್ಟೆ ಹಿಂಡುತ್ತಿದೆ. ಸಂಜೆ ಆಡುತ್ತೇನೆ.

8 ಸೆಪ್ಟೆಂಬರ್, ಸೋಮವಾರ

ಮತ್ತೆ ಮುಚ್ಚಿಟ್ಟೆ. ನವರಾತ್ರಿಗೆ ದೇವಿ ಚೌಡಮ್ಮನಿಗೆ ಉಡಿಸುವ ಸೀರೆ ನೇಯುವುದು ಈ ವರ್ಷ ಅಪ್ಪನ ಸರದಿ. ಇಪ್ಪತ್ತು ವರ್ಷ ಕಾದಿದ್ದರಂತೆ. ಇವತ್ತು ಅದೇ ಸೀರೆಯಲ್ಲಿ ಎಳೆ ಹರಿದದ್ದೇ ಹರಿದದ್ದು. “ಗಾಳಿ ಜಾಸ್ತಿ... ನೂಲಿಗೆ ಗಂಜಿ ಸರಿಯಾಗ್ ಹಿಡೀಲಿಲ್ಲ” ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಾನೂ ಗಂಜಿಯನ್ನೇ ನಂಬಿದೆ. ಅರ್ಧ.

ಅಪ್ಪ ಊಟಕ್ಕೂ ಏಳದೆ ಒಂದೊಂದೇ ಎಳೆ ಗಂಟು ಹಾಕುತ್ತಿದ್ದರು. ಹೇಳಿಬಿಡಬೇಕು ಅನ್ನಿಸಿತು. ಮುಂದಿನ ಲಾಳಿಗೆ ನೂಲು ಸುತ್ತಿದೆ.

ಜಗಲಿಯಲ್ಲಿ ಕೂತಾಗ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಈಗ ಎಲ್ಲರ ಪಕ್ಕ ಕೂತು ಉಣ್ಣುತ್ತೇನೆ, ಯಾರಿಗೂ ಮೈ ತಗಲದ ಹಾಗೆ ಮುದುಡಿಕೊಂಡು.

6 ಅಕ್ಟೋಬರ್

ಮೂರನೇ ಸಲ. ಬೋರ್ಡಿನಲ್ಲಿ ಐದು ಹೆಸರು ಹಾಕಿದರು. ಎರಡನೆಯದು ನನ್ನದು — ಕೆ. ತಂಗಮಣಿ. ನಾಲ್ಕು ಸಲ ಹೋಗಿ ನೋಡಿ ಬಂದೆ. ಇನ್ನು ಹದಿನೆಂಟು ದಿನ.

22 ಅಕ್ಟೋಬರ್, ಬುಧವಾರ

ಅವ್ವ ಬಾವಿ ಹತ್ತಿರ ಕರೆದುಕೊಂಡು ಹೋದಳು. ಮುಖದಲ್ಲಿ ರಕ್ತವಿರಲಿಲ್ಲ.

“ನೀ ಹೊರಗ್ ಕೂತು ಮೂರ್ ತಿಂಗ್ಳಾತು. ಅಜ್ಜಿ ಎಣಿಸ್ಕಂಡೇ ಇದ್ದಾಳೆ. ಸಂಜೆ ಸಂಜೆ ಆಟ ಅಂತ ಎಲ್ಲಿಗ್ ಹೋಗ್ತಿದ್ದೆ? ನಿಜಾ ಹೇಳ್ ಕಣ್ಣು... ಯಾರು?”

ಮೊದಲು ತಿಳಿಯಲೇ ಇಲ್ಲ. ತಿಳಿದಾಗ ಕೂಗಿಬಿಟ್ಟೆ.

“ಅಯ್ಯೋ, ಅಂಥದ್ದೇನೂ ಇಲ್ಲವ್ವಾ!”

“ಹಂಗಾದ್ರೆ ಯಾಕ್ ಆಗ್ಲಿಲ್ಲ?”

ಆಗಿದೆ ಅನ್ನುವುದು ನಾಲಿಗೆಯ ತುದಿಗೆ ಬಂತು. ನುಂಗಿದೆ. ನವರಾತ್ರಿಯಲ್ಲಿ ಆ ಸೀರೆ ಉಟ್ಟ ಚೌಡಮ್ಮನ ಮುಂದೆ ಅಪ್ಪ ಸಂತೋಷಕ್ಕೆ ಮಗುವಿನ ಹಾಗೆ ಅತ್ತಿದ್ದರು. ಆ ನೂಲು ಸುತ್ತಿದ ಕೈ ಯಾವುದು, ಯಾವ ದಿನದ್ದು ಅಂತ ಗೊತ್ತಾದರೆ ಅವರು ಮತ್ತೆ ಮಗ್ಗಕ್ಕೆ ಕೂರುವುದಿಲ್ಲ.

“ಗೊತ್ತಿಲ್ಲವ್ವ.”

“ನಾಳೆವರ್ಗೂ ನೋಡ್ತೀನಿ. ಆಮೇಲೆ ಅಪ್ಪಂಗೆ ಹೇಳ್ಳೇಬೇಕು.”

ಶುಕ್ರವಾರ, ಶನಿವಾರ ಪಂದ್ಯ.

23 ಅಕ್ಟೋಬರ್, ಗುರುವಾರ

ಬೆಳಗ್ಗೆ ಚಾಪೆ ಸುತ್ತಿಕೊಂಡು ನಾನೇ ಜಗಲಿಗೆ ಬಂದೆ. “ಹೊರಗಾದೆ” ಅಂದೆ. ಸುಳ್ಳು. ಇನ್ನೂ ಹನ್ನೊಂದು ದಿನವಿದೆ.

ಅವ್ವ ಸೆರಗು ಬಾಯಿಗೊತ್ತಿ ಅತ್ತಳು. ಅಜ್ಜಿ ಚೌಡಮ್ಮನಿಗೆ ತುಪ್ಪದ ದೀಪ ಹಚ್ಚಿ, ದೂರದಿಂದಲೇ ನನ್ನ ತಟ್ಟೆಗೆ ಬೆಲ್ಲ ಹಾಕಿದಳು. “ಎನ್ ತಂಗಮೇ!” ಅಂದಳು — ನನ್ನ ಚಿನ್ನವೇ, ಅಂತ. ನಾನು ಹುಟ್ಟಿದ ಮೇಲೆ ಹೀಗೆ ಮುದ್ದಿನಿಂದ ಕರೆದದ್ದು ಇದೇ ಮೊದಲು. ಮೂರು ದಿನ ಮುಗಿಯುವುದು ಶನಿವಾರ. ಬೆಲ್ಲ ತಿಂದೆ. ಅಳು ಬಂತು, ಅತ್ತೆ. ಹೊಟ್ಟೆನೋವು ಅಂದುಕೊಂಡರು.

24 ಅಕ್ಟೋಬರ್, ಶುಕ್ರವಾರ, ಬೆಳಗ್ಗೆ 6

ಬೀದಿ ತುದಿಯಲ್ಲಿ ಬಿಳಿ ಯೂನಿಫಾರ್ಮ್. ನಾಲ್ಕು ಜನ, ಟೀಚರ್. ವಿಜಯಕುಮಾರಿ ಓಡಿ ಬಂದಳು, ಚಾಪೆ ನೋಡಿದಳು, ಮೆಟ್ಟಿಲ ಮೇಲೇ ನಿಂತಳು. “ಇನ್ನಿಕ್ಕಾ, ತಂಗಮಣಿ?” ಅಂದಳು. ಇವತ್ತೇನಾ.

ತಲೆಯಾಡಿಸಿದೆ. ಅವಳಿಗೂ ಸುಳ್ಳು.

ಟೀಚರ್ ಮನೆ ಮುಂದೆ ಬಂದಿದ್ದಾರೆ. ಮುಖ ಎತ್ತಲಾರೆ, ಬರೆಯುತ್ತಿರುವ ಹಾಗೆ ಕೂತಿದ್ದೇನೆ. ಅಪ್ಪ ಹೊರಗೆ ಬಂದು ಕೈಮುಗಿದರು. “ಪುಳ್ಳೆಕ್ಕು ಒಡಂಬು ಸರಿಯಿಲ್ಲೀಂಗ ಟೀಚರ್.” ಮಗಳಿಗೆ ಮೈ ಸರಿಯಿಲ್ಲವಂತೆ. ನನ್ನ ಮೈ ಸರಿಯಾಗಿದೆ, ಟೀಚರ್. ಇವತ್ತಿನಷ್ಟು ಸರಿ ಯಾವತ್ತೂ ಇರಲಿಲ್ಲ. ಬಸ್ಸಿಗೆ ಇನ್ನೂ ಐದು ನಿಮಿಷವಿದೆ, ಈಗ ಎದ್ದು ಓಡಿದರೂ ಸಿಗುತ್ತದೆ — ಆದರೆ ಓಡಿದರೆ ಅವ್ವ ಮತ್ತೆ ಕೇಳುತ್ತಾಳೆ: ಯಾರು?