ರಿಕ್ಷಾದಿಂದ ಪೆಟ್ರೋಲ್ ಹೀರಿಸಿಕೊಂಡ ಸಚಿವರಿಗೆ

ಮಾನ್ಯ ಸಚಿವರೇ,

ಕಳೆದ ತಿಂಗಳು ನಿಮ್ಮ ಕಾರ್ಯಕರ್ತರು ಮೂಡಲಗಿಯ ರಿಕ್ಷಾ ಸ್ಟ್ಯಾಂಡಿನಲ್ಲಿ, ಹಾಡಹಗಲೇ, ಹತ್ತು ಜನರ ಎದುರಿಗೆ ನನ್ನ ರಿಕ್ಷಾದ ಟ್ಯಾಂಕಿಗೆ ಪೈಪು ಇಳಿಬಿಟ್ಟು ಪೆಟ್ರೋಲ್ ಹೀರಿಕೊಂಡು ಹೋದರು. ನಾನು ತಡೆಯಲು ಹೋದಾಗ ಅವರಲ್ಲೊಬ್ಬ, "ಇದು ಸಾಹೇಬ್ರ ಎಣ್ಣಿ ಐತಿ, ನಿಮ್ಮಪ್ಪಂದಲ್ಲ" ಎಂದ. ನಮ್ಮಪ್ಪನದಲ್ಲ, ನಿಜ. ಆದರೆ ಅದು ನಿಮ್ಮದು ಹೇಗಾಯಿತು ಎಂಬುದು ನನಗಿನ್ನೂ ತಿಳಿದಿಲ್ಲ. ತಿಳಿಯುವ ಹಕ್ಕು ನನಗಿದೆ ಎಂದುಕೊಂಡು ಎಲ್ಲರೂ ಓದಲೆಂದೇ ಇದನ್ನು ಬರೆಯುತ್ತಿದ್ದೇನೆ.

ನೀವು ಯಾವ ಪಕ್ಷದವರು, ದಿಲ್ಲಿಯವರೋ ಬೆಂಗಳೂರಿನವರೋ ಎಂದು ನಾನು ಬರೆಯುವುದಿಲ್ಲ. ಬರೆದರೆ ಎದುರು ಪಕ್ಷದವರು ಈ ಪತ್ರವನ್ನು ಕತ್ತರಿಸಿ ಫಲಕ ಮಾಡಿಕೊಳ್ಳುತ್ತಾರೆ. ಅವರ ಉಪಕಾರ ನನಗೆ ಬೇಡ. ಒಂದು ಲೀಟರ್ ಪೆಟ್ರೋಲಿನಲ್ಲಿ ದಿಲ್ಲಿಗೂ ಪಾಲಿದೆ, ಬೆಂಗಳೂರಿಗೂ ಪಾಲಿದೆ. ಪಾಲಿಲ್ಲದವನು ಅದನ್ನು ಉರಿಸುವವನು ಮಾತ್ರ.

ಪೆಟ್ರೋಲ್ ದುಬಾರಿಯಾದದ್ದಕ್ಕೆ ನಾಯಕರು ಹೊಣೆಯಲ್ಲ, ಎಲ್ಲವೂ ವಿಶ್ವ ಮಾರುಕಟ್ಟೆಯ ಆಟ ಎಂದು ನೀವು ಗೋಕಾಕದ ಸಭೆಯಲ್ಲಿ ಅಪ್ಪಣೆ ಕೊಡಿಸಿದಿರಿ. ಅರ್ಧ ಒಪ್ಪುತ್ತೇನೆ. ಘಟಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆಯುತ್ತದೆ, ಕಚ್ಚಾ ತೈಲ ಬೆಳೆಯುವುದಿಲ್ಲ. ಎಲ್ಲೋ ಯುದ್ಧವಾದರೆ, ಎಲ್ಲೋ ಹಡಗು ನಿಂತರೆ ಅದು ನಿಮ್ಮ ಕೈವಾಡವಲ್ಲ. ಆದರೆ ಅಬಕಾರಿ ಸುಂಕವೂ ಹಡಗಿನಲ್ಲಿ ಬರುತ್ತದೆಯೇ? ಮಾರಾಟ ತೆರಿಗೆಯನ್ನು ಅರಬರು ಹಾಕುತ್ತಾರೆಯೇ? ಕೊರೊನಾ ವರ್ಷ ಕಚ್ಚಾ ತೈಲದ ದರ ನೆಲ ಕಚ್ಚಿದಾಗ ನಮ್ಮೂರ ಪಂಪಿನ ದರವೂ ನೆಲ ಕಚ್ಚಬೇಕಿತ್ತಲ್ಲ; ಆಗ ತೆರಿಗೆ ಏರಿಸಿ ಅದನ್ನು ಎತ್ತಿ ಹಿಡಿದ ಕೈ ಯಾರದು? ಇನ್ನೊಂದು ಸಂದೇಹ. ಚುನಾವಣೆ ಹತ್ತಿರವಾದಾಗ ವಾರಗಟ್ಟಲೆ ದರ ಅಲುಗದೆ ನಿಲ್ಲುತ್ತದೆ. ನಮ್ಮ ಮತದಾನದ ದಿನಾಂಕ ಆ ವಿಶ್ವ ಮಾರುಕಟ್ಟೆಗೆ ಯಾರು ತಿಳಿಸುತ್ತಾರೆ?

ನೀವು ವಿರೋಧ ಪಕ್ಷದಲ್ಲಿದ್ದಾಗ ಇದೆಲ್ಲ ನಿಮಗೆ ಚೆನ್ನಾಗಿ ತಿಳಿದಿತ್ತು. ಹುಕ್ಕೇರಿಯಲ್ಲಿ ಮೋಟರ್ ಸೈಕಲ್ ತಳ್ಳಿಕೊಂಡು ಮೆರವಣಿಗೆ ಮಾಡಿದಿರಿ. ನಿಮ್ಮ ಹಿಂದೆ ನಾನೂ ನನ್ನ ರಿಕ್ಷಾ ತಳ್ಳಿದೆ. ಅಂದು ಲೀಟರಿಗೆ ಎಂಬತ್ತರ ಆಸುಪಾಸು. ಅದನ್ನು ನೀವು "ಬಡವರ ರಕ್ತ ಹೀರುವ ದರ" ಎಂದಿರಿ. ಇಂದು ನೂರು ದಾಟಿದೆ. ಈಗ ಹೀರುತ್ತಿರುವುದು ಏನನ್ನು?

ಈಗ ಆ ಪೈಪಿನ ಕಥೆಗೆ ಬರುತ್ತೇನೆ. ನಾನು ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಇಬ್ಬರನ್ನು ಡಯಾಲಿಸಿಸ್‌ಗೆ ಗೋಕಾಕಕ್ಕೆ ಕರೆದೊಯ್ಯುತ್ತೇನೆ. ಒಬ್ಬಳು ಅಲ್ಲವ್ವ, ಮೂಡಲಗಿ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದವಳು. ಇನ್ನೊಬ್ಬ ಉದ್ದಪ್ಪ, ಪ್ರಾಯದಲ್ಲಿ ಕುಸ್ತಿ ಆಡಿದವನು, ಊರಾಚೆಯ ತೋಟದ ಮನೆಯಲ್ಲಿ ಮಗಳು ವಿದ್ಯಾಳ ಜೊತೆ ಇದ್ದಾನೆ. ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಅದಕ್ಕೆ ಸರ್ಕಾರಕ್ಕೆ ಶರಣು. ಆದರೆ ಆಸ್ಪತ್ರೆಗೆ ಹೋಗುವ ದಾರಿ ಉಚಿತವಲ್ಲ. ಹೆಂಗಸರಿಗೆ ಬಸ್ಸು ಉಚಿತ ಎನ್ನುತ್ತೀರಿ; ನಾಲ್ಕು ತಾಸು ಯಂತ್ರಕ್ಕೆ ರಕ್ತ ಒಡ್ಡಿ ಎದ್ದ ಅಲ್ಲವ್ವನಿಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವ ತ್ರಾಣ ಎಲ್ಲಿಂದ ಬರಬೇಕು?

ದರ ಏರಿದಂತೆ ನಾನೂ ಬಾಡಿಗೆ ಏರಿಸಿದೆ. ಒಳ್ಳೆಯವನಂತೆ ಬರೆದುಕೊಳ್ಳಲಾರೆ, ಏರಿಸಿದ್ದು ನಾನೇ. ಅದಾದ ಮೇಲೆ ಉದ್ದಪ್ಪ ಸೋಮವಾರ ಬರುತ್ತಿದ್ದ, ಗುರುವಾರ ಬರುತ್ತಿರಲಿಲ್ಲ. ಕೇಳಿದರೆ, "ಡಾಕ್ಟರ್ ಒಂದ ಸಲ ಸಾಕು ಅಂದಾರ" ಎನ್ನುತ್ತಿದ್ದ. ನಾನು ನಂಬಿದೆ. ಮೂರು ವಾರ ಕಳೆದ ಮೇಲೆ ರಿಕ್ಷಾದಲ್ಲಿ ಒಬ್ಬಳೇ ಕುಳಿತಿದ್ದ ಅಲ್ಲವ್ವ ಬಾಯಿಬಿಟ್ಟಳು.

"ದಾದೇಸಾಬ, ಡಾಕ್ಟರ್ ಹಂಗ ಅಂದೇ ಇಲ್ಲೋ ತಮ್ಮಾ. ಹೋದ ಸಲ ಅವನಿಗೆ ಹಿಗ್ಗಾಮುಗ್ಗಾ ಬೈದಾರ. ನಿನಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸ್ಯಾನ."

ಅವಳನ್ನು ಮನೆಗೆ ಬಿಟ್ಟು ನೇರ ಅವನ ತೋಟಕ್ಕೆ ಹೋದೆ. ಉದ್ದಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದ.

"ಕಾಕಾ, ನನಗ ರೊಕ್ಕ ಬ್ಯಾಡ. ಗುರುವಾರ ಬರ್ರಿ" ಎಂದೆ.

"ನಿನ್ನ ಗಾಡಿ ಏನ್ ನೀರಿನ ಮ್ಯಾಲೆ ಓಡತೈತೇನು?" ಎಂದ. "ನಿನ್ನ ಮನಿ ಮಂದಿ ತುತ್ತು ಕಸಗೊಂಡು ನಾ ಬದುಕಬೇಕಾ? ನಡಿ, ನಡಿ."

ಕೋಪ ನನಗೆ ಅವನ ಮೇಲೆ ಬರಲಿಲ್ಲ. ಎಂಥ ಕಾಲ ತಂದಿಟ್ಟಿದ್ದೀರಿ ನೋಡಿ: ಬದುಕಲು ಮನುಷ್ಯ ನಾಚಿಕೊಳ್ಳುವಂಥ ಕಾಲ.

ಮುಂದಿನ ಗುರುವಾರವೇ ಗೋಕಾಕದಲ್ಲಿ ನಿಮ್ಮ ಸಭೆಯಿತ್ತು. ಜನ ತುಂಬಿಕೊಂಡು ಬರಬೇಕೆಂದು ನಿಮ್ಮವರು ಪ್ರತಿ ರಿಕ್ಷಾಕ್ಕೆ ಒಂದು ಬಾವುಟ, ಐದು ಲೀಟರ್ ಪೆಟ್ರೋಲಿನ ಚೀಟಿ ಕೊಟ್ಟರು. ವಿಶ್ವ ಮಾರುಕಟ್ಟೆ ಅಂದು ರಜೆಯಲ್ಲಿತ್ತೆಂದು ಕಾಣುತ್ತದೆ. ನಾನು ಚೀಟಿ ತೆಗೆದುಕೊಂಡೆ, ಟ್ಯಾಂಕು ತುಂಬಿಸಿದೆ, ಬಾವುಟ ಕಟ್ಟಿದೆ, ಉದ್ದಪ್ಪನ ಮನೆ ಮುಂದೆ ನಿಲ್ಲಿಸಿದೆ.

"ಕಾಕಾ, ಇವತ್ತ ಎಣ್ಣಿ ನನ್ನದಲ್ಲ, ಮಂತ್ರಿದು."

ಅವನು ಬಾವುಟ ನೋಡಿದ, ನನ್ನ ಮುಖ ನೋಡಿದ. ಎಷ್ಟೋ ದಿನಗಳ ಮೇಲೆ ನಕ್ಕ. "ಹಂಗಾದ್ರ ಬರ್ತೇನಿ. ಅಂವಾ ನಂದು ಭಾಳ ತಿಂದಾನ."

ಗೋಕಾಕದ ಹೊರಗೆ ನಿಮ್ಮ ಕಾರ್ಯಕರ್ತರು ರಿಕ್ಷಾ ಅಡ್ಡಗಟ್ಟಿ, "ಮಂದಿ ಇಬ್ಬರ ಅದಾರಲ್ಲೋ!" ಎಂದು ಗದರಿದರು. ಒಳಗಿಂದ ಉದ್ದಪ್ಪ ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ, "ಸಾಹೇಬ್ರಿಗೆ ಜಯವಾಗಲಿ!" ಎಂದು ಕೂಗಿದ. ಅಲ್ಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಮ್ಮನ್ನು ಬಿಟ್ಟರು. ನಿಮಗೆ ಅಂದು ಬಿದ್ದ ಜಯಕಾರಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ ಇರಬೇಕು. ನೀವು ಮೈದಾನದಲ್ಲಿ ಭಾಷಣ ಮಾಡುವಾಗ ಅವರಿಬ್ಬರೂ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು.

ರಿಕ್ಷಾ ಆಸ್ಪತ್ರೆಗೆ ಹೋದದ್ದನ್ನು ಯಾರೋ ನೋಡಿ ಚಾಡಿ ಹೇಳಿದರು. ಮರುದಿನ ಡಬ್ಬಿ, ಪೈಪು ಹಿಡಿದು ನಿಮ್ಮವರು ಬಂದರು. ಸಭೆಗೆ ಜನ ತರದವನಿಗೆ ಪೆಟ್ರೋಲ್ ಇಲ್ಲವಂತೆ. ಐದು ಲೀಟರಿನಲ್ಲಿ ಗೋಕಾಕಕ್ಕೆ ಹೋಗಿ ಬಂದು ಉಳಿದದ್ದು ಹೋಗಲಿ, ಅದಕ್ಕೂ ಮೊದಲು ನನ್ನ ದುಡಿಮೆಯಿಂದ ಹಾಕಿಸಿದ್ದನ್ನೂ ಸೇರಿಸಿ ತಳ ಕಾಣುವವರೆಗೆ ಹೀರಿದರು. ನನ್ನ ಸಂಗಡದ ರಿಕ್ಷಾದವರು ತಲೆ ತಗ್ಗಿಸಿ ನಿಂತಿದ್ದರು. ನಾನು ಅವರನ್ನು ದೂರುವುದಿಲ್ಲ. ಅವರ ಟ್ಯಾಂಕಿನಲ್ಲೂ ಅದೇ ಚೀಟಿಯ ಪೆಟ್ರೋಲ್ ಇತ್ತು.

ಸೋಮವಾರ ಸಾಲದ ಪೆಟ್ರೋಲ್ ಹಾಕಿಸಿ ಹೋದರೆ ಉದ್ದಪ್ಪ ರಿಕ್ಷಾ ಹತ್ತಲಿಲ್ಲ. ಪೈಪಿನ ಸುದ್ದಿ ಅವನಿಗೆ ಮುಟ್ಟಿತ್ತು. "ನನ್ನ ಸಲುವಾಗಿ ನಾಲ್ಕ ಮಂದ್ಯಾಗ ನಿನ್ನ ಮಾನ ಹೋತು" ಎಂದು ಬಾಗಿಲು ಹಾಕಿಕೊಂಡ. ಬುಧವಾರ ಮುಂಜಾನೆ ವಿದ್ಯಾ ಫೋನಿನಲ್ಲಿ ಅಳುತ್ತ, "ಮಾಮಾ, ಅಪ್ಪಗ ಉಸಿರ ಆಡವಲ್ದು, ಲಗೂನ ಬರ್ರಿ" ಎಂದಳು. ಅವನನ್ನು ಎತ್ತಿ ಹಾಕಿಕೊಂಡು ಹೋದೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆರು ದಿನ ಐಸಿಯುವಿನಲ್ಲಿದ್ದು ಬದುಕಿ ಬಂದ. ಬಂದವನು ಅರ್ಧ ಆಳಾಗಿದ್ದಾನೆ. ಈಗ ವಾರಕ್ಕೆ ಎರಡಲ್ಲ, ಮೂರು ಸಲ ಬರಬೇಕು ಎಂದಿದ್ದಾರೆ ಡಾಕ್ಟರು.

ನೀವು ಅವನ ಮೂತ್ರಪಿಂಡ ಕೆಡಿಸಲಿಲ್ಲ, ಯುದ್ಧ ಹೂಡಲಿಲ್ಲ, ಬಾಡಿಗೆ ಏರಿಸಲಿಲ್ಲ. ಆದರೂ ಹೊಣೆ ನಿಮ್ಮದೇ ಎನ್ನುತ್ತೇನೆ. ಇಳಿಸುವ ಅಧಿಕಾರ ಕೈಯಲ್ಲಿದ್ದೂ ಇಳಿಸದವನು ಏರಿಸಿದವನಷ್ಟೇ ಹೊಣೆಗಾರ. ಸಭೆ ತುಂಬಿಸಲು ಸಿಗುವ ಪೆಟ್ರೋಲ್ ರೋಗಿಯನ್ನು ಸಾಗಿಸಲು ಸಿಗದಿದ್ದರೆ ಕೊರತೆ ಪೆಟ್ರೋಲಿನದಲ್ಲ.

ಆದ್ದರಿಂದ ನನ್ನ ಬೇಡಿಕೆ. ಇದು ವಿನಂತಿಯಲ್ಲ. ದಿಲ್ಲಿಯೂ ಬೆಂಗಳೂರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುವುದು ನಿಲ್ಲಿಸಿ, ತಂತಮ್ಮ ತೆರಿಗೆ ಇಳಿಸಿ. ಅಲ್ಲಿಯವರೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಡಯಾಲಿಸಿಸ್ ರೋಗಿಗಳಿಗೆ ಮನೆ ಬಾಗಿಲಿನಿಂದ ಆಸ್ಪತ್ರೆಗೆ ಸರ್ಕಾರಿ ವಾಹನ ಕೊಡಿ. ನಿಮ್ಮ ಬೆಂಗಾವಲಿನಲ್ಲಿ ಓಡುವ ಗಾಡಿಗಳಿಂದ ಮೂರನ್ನು ಕಳಿಸಿದರೆ ಸಾಕು. ಅದೂ ಆಗದಿದ್ದರೆ ಉದ್ದಪ್ಪನ ಕಟ್ಟೆಗೆ ಬಂದು ಕುಳಿತು, ವಾರದ ಯಾವ ದಿನ ಅವನು ಆಸ್ಪತ್ರೆಗೆ ಹೋಗುವುದು ಬೇಡ ಎಂಬುದನ್ನು ನೀವೇ ನಿಮ್ಮ ಬಾಯಿಂದ ಅವನಿಗೆ ಹೇಳಿ.

ಇಂತಿ,
ನಿಮಗೆ ಮತ ಹಾಕಿದ ತಪ್ಪನ್ನು ಒಪ್ಪಿಕೊಂಡಿರುವ
ದಾದೇಸಾಬ, ರಿಕ್ಷಾ ಚಾಲಕ, ಮೂಡಲಗಿ