ಬಿಸಿ ತಿಳಿಯದ ಬೆರಳು

2005 ಜೂನ್ 9, ಗುರುವಾರ

ಶುಗರ್ 212. ಮಾತ್ರೆ ನುಂಗಿದೆ. ಸ್ನಾನ, ಸಂಧ್ಯಾವಂದನೆ. ಡಬ್ಬಿಗೆ ಮೊಸರನ್ನ ಕಲಸಿದ್ದು ನಾನೇ, ಉಪ್ಪು ಜಾಸ್ತಿ. ಮಾಂಬಲಂನಿಂದ 7.50ರ ಟ್ರೈನು. ಬೀಚ್ ಸ್ಟೇಷನ್ನಿನಲ್ಲಿ ಇಳಿದು ರಾಯಪುರಂಗೆ ಆಟೋ.

ಇಂಗ್ಲೆಂಡಿನಿಂದ ಪೆಟ್ಟಿಗೆ ಬಂದಿದೆ. ಎರಡು ಎಲೆಕ್ಟ್ರಿಕ್ ವಿಂಚು, ಹಗ್ಗ ಎಳೆಯುವ ರಾಟೆಗಳು, ಗಂಗಾಧರಪ್ಪನವರ ಹಾಯಿದೋಣಿಗೆ. ಕೂರಿಸಿ ವೈರಿಂಗ್ ಮಾಡುವುದು ನನ್ನ ಕೆಲಸ. ಗಂಗಾಧರಪ್ಪ ದಾವಣಗೆರೆ ಕಡೆಯವರು, ಹತ್ತಿ ವ್ಯಾಪಾರ, ಮದರಾಸಿಗೆ ಬಂದು ನಲವತ್ತು ವರ್ಷ. ಹೋದ ವರ್ಷ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತಿವೆ. ಎಡಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ. ಹಳೆಯ ವಿಂಚಿಗೆ ಹಾಯಿಯ ಹಗ್ಗ ಸುತ್ತಿ, ಒಂದು ಕೈಯಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಕೆ ತಿರುಗಿಸಬೇಕು. ಹೊಸದಕ್ಕೆ ಒಂದು ಬೆರಳು ಸಾಕು, ಗುಂಡಿ ಒತ್ತುವುದಕ್ಕೆ.

ಮಗ ಶಿವರಂಜನ್ ಕರಾರು ಹಾಕಿದ್ದಾನಂತೆ. ಜುಲೈ 18ಕ್ಕೆ ಬರುತ್ತಾನೆ. ಅಪ್ಪ ಒಬ್ಬರೇ ಹಾಯಿ ಏರಿಸಿ ಇಳಿಸಿ ತೋರಿಸಿದರೆ ದೋಣಿ ಉಳಿಯುತ್ತದೆ. ಇಲ್ಲದಿದ್ದರೆ ಕೊಚ್ಚಿಯವನು ಯಾರೋ ಕೇಳುತ್ತಿದ್ದಾನೆ, ಅವನಿಗೆ.

"ಇದೊಂದು ಹೋದ್ರೆ ನಾನು ಖುರ್ಚಿ ಮ್ಯಾಲೆ ಕುಂತು ಪೇಪರ್ ಓದೋ ಮುದುಕ ಆಗ್ತೀನಿ, ಆಚಾರ್ರೆ," ಅಂದರು. "ನಿಮ್ಮ ಕೈಯಾಗೈತಿ."

ಹೂಂ ಅಂದೆ.

ಜೂನ್ 10, ಶುಕ್ರವಾರ

ಇದನ್ನು ಯಾರೂ ಓದುವುದಿಲ್ಲ. ಬರೆದುಬಿಡುತ್ತೇನೆ.

ಬೆರಳುಗಳಲ್ಲಿ ಜೋಮು. ಮೊದಲು ಕಾಲಿನಲ್ಲಿತ್ತು, ಈಗ ಎರಡೂ ಕೈಯಲ್ಲಿ. ಮಾರ್ಚ್‌ನಲ್ಲಿ ಗೊತ್ತಾಯಿತು. ಕಾಫಿ ಲೋಟ ಹಿಡಿದೆ, ಬಿಸಿ ತಿಳಿಯಲಿಲ್ಲ, ಬಾಯಿಗೆ ಹಚ್ಚಿದೆ. ತುಟಿ ಸುಟ್ಟಿತು. ಹೆಂಡತಿ ರಂಜನಿ ಇದ್ದಾಗ ಲೋಟ ಕೊಡುವಾಗಲೇ "ತಡೀರಿ, ಬಿಸಿ" ಅನ್ನುತ್ತಿದ್ದಳು. ಇಪ್ಪತ್ತಾರು ವರ್ಷ, ದಿನಾ ಎರಡು ಸಲ. ನನಗೇನು ಕಣ್ಣಿಲ್ಲವಾ ಅಂತ ರೇಗುತ್ತಿದ್ದೆ.

ಅವಳು ಹೋಗಿ ಹದಿಮೂರು ತಿಂಗಳು. ಅತ್ತಿಲ್ಲ. ಚಿತೆಗೆ ಬೆಂಕಿ ಇಟ್ಟಾಗಲೂ ಇಲ್ಲ, ವರ್ಷಾಂತದಲ್ಲೂ ಇಲ್ಲ. ಜನ ಗಟ್ಟಿ ಮನುಷ್ಯ ಅಂದರು. ಗಟ್ಟಿ ಏನೂ ಅಲ್ಲ... ಒಳಗೆ ಏನೂ ಆಗುವುದಿಲ್ಲ, ಅಷ್ಟೇ.

ಡಾಕ್ಟರ್ ಶಂಕರನಾರಾಯಣ ಸೂಜಿಯಲ್ಲಿ ಚುಚ್ಚಿ ನೋಡಿ, "ಎಲೆಕ್ಟ್ರಿಕ್ ಕೆಲಸ ಬಿಡಿ" ಅಂದರು. ಮಗಳು ಅಕ್ಷಯಾಗೆ ಹೇಳಿಲ್ಲ. ಬಿಟ್ಟು ಮನೆಯಲ್ಲಿ ಕೂತು ಏನು ಮಾಡುವುದು.

ಜೂನ್ 22, ಬುಧವಾರ

ಡೆಕ್ಕಿನಲ್ಲಿ ತೂತು ಕೊರೆದೆ. ವಿಂಚು ಮೇಲೆ, ಮೋಟಾರು ಕೆಳಗೆ ನೇತಾಡುತ್ತದೆ. ಒಂದು ಸಲ ಕೊರೆದರೆ ಮುಗಿಯಿತು, ಮುಚ್ಚಲಾಗುವುದಿಲ್ಲ. ಗಂಗಾಧರಪ್ಪ ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದರು. ಡ್ರಿಲ್ ಒಳಗೆ ಇಳಿದ ಕೂಡಲೇ "ಶಿವಾ" ಅಂದರು.

ಅವರ ಹೆಂಡತಿ ಕಲ್ಯಾಣಮ್ಮ ಜೆಟ್ಟಿಯ ಮೇಲೆ, ದೋಣಿ ಕಟ್ಟುವ ಕಟ್ಟೆಯಲ್ಲಿ, ಕೊಡೆ ಹಿಡಿದು ಕೂತಿರುತ್ತಾರೆ. ದೋಣಿ ಕೊಂಡು ಒಂಬತ್ತು ವರ್ಷವಾದರೂ ಒಳಗೆ ಕಾಲಿಟ್ಟಿಲ್ಲವಂತೆ.

"ನೀರಂದ್ರೆ ನನಗೆ ಜೀವ ಹೋಗ್ತದ್ರಿ. ಇವರಿಗೆ ಹುಚ್ಚು, ನನಗೆ ಕಾವಲು," ಅಂದರು.

ಫ್ಲಾಸ್ಕಿನಿಂದ ಕಾಫಿ ಬಗ್ಗಿಸಲು ಬಂದರು. ಹೊರಗೆ ತಗೊಳ್ಳುವುದಿಲ್ಲ ಅಂದೆ. ಮಡಿ ಅಂತ ತಿಳಿದುಕೊಂಡು ಫ್ಲಾಸ್ಕ್ ಮುಚ್ಚಿದರು. ಅಷ್ಟೇ ಕಾರಣವಲ್ಲ. ಅವರೆದುರು ಲೋಟ ಹಿಡಿಯುವುದು ಬೇಡವಾಗಿತ್ತು.

ಜುಲೈ 5, ಮಂಗಳವಾರ

ಕೇಬಲ್ ಎಳೆದೆ. ಹೆಬ್ಬೆರಳು ದಪ್ಪ. ಬ್ಯಾಟರಿ ಸೀಟಿನ ಕೆಳಗಿನ ಗೂಡಿನಲ್ಲಿದೆ. ಅಲ್ಲಿಂದ ಕಂಟ್ರೋಲ್ ಬಾಕ್ಸಿಗೆ, ಬಾಕ್ಸಿನಿಂದ ಮೋಟಾರಿಗೆ. ಒಟ್ಟು ಹನ್ನೆರಡು ಜಾಯಿಂಟು, ಎಲ್ಲ ಆ ಗೂಡಿನಲ್ಲೇ. ವಿಂಚು ಜಗ್ಗುವಾಗ ನೂರು ಆಂಪಿಯರಿಗೂ ಮೇಲೆ ಹರಿಯುತ್ತದೆ. ಒಂದು ನಟ್ ಸಡಿಲ ಇದ್ದರೆ ಅಲ್ಲೇ ಕಾಯುತ್ತದೆ, ಕೇಬಲ್ಲಿನ ಸಿಪ್ಪೆ ಕರಗುತ್ತದೆ, ಬೆಂಕಿ. ಸಮುದ್ರದ ನಡುವೆ ಬೆಂಕಿ ಬಿದ್ದರೆ ಓಡುವುದೆಲ್ಲಿಗೆ?

ಅಂಬತ್ತೂರಿನ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಭೋಜರಾಜ ಕಲಿಸಿದ್ದು: ಲೋಡ್ ಕೊಟ್ಟು, ಆಫ್ ಮಾಡಿ, ಒಂದೊಂದು ಜಾಯಿಂಟನ್ನೂ ಬೆರಳ ಹಿಂಭಾಗದಿಂದ ಮುಟ್ಟು. ಮೀಟರ್ ಸುಳ್ಳು ಹೇಳಬಹುದು, ಬೆರಳು ಹೇಳುವುದಿಲ್ಲ. ಮೂವತ್ತು ವರ್ಷ ಹಾಗೇ ಮಾಡಿದ್ದೇನೆ. ಬೇರೆ ರೀತಿ ಗೊತ್ತೂ ಇಲ್ಲ.

ಜುಲೈ 16, ಶನಿವಾರ

ನಡುವೆ ನಾಲ್ಕು ದಿನ ಕಾಲಿನ ಹುಣ್ಣು. ಹೋಗಲಾಗಲಿಲ್ಲ. ಕೆಲಸ ಹಿಂದೆ ಬಿತ್ತು. ಸೋಮವಾರ ಬೆಳಗ್ಗೆ ಪರೀಕ್ಷೆ, ಜಾಯಿಂಟುಗಳು ಇನ್ನೂ ಬಾಕಿ. ನಾಳೆ ಪ್ರಥಮೈಕಾದಶಿ. ನೀರೂ ಇಲ್ಲದ ಉಪವಾಸ.

ಗಂಗಾಧರಪ್ಪ ಫೋನಿನಲ್ಲಿ, "ಉಪಾಸ ಇಟ್ಕೊಂಡು ಬರ್ತೀರೇನು? ಬ್ಯಾಡ್ರಿ, ಮಗನಿಗೆ ಮುಂದಿನ ವಾರ ಬಾ ಅಂತೀನಿ."

ಬರುತ್ತೇನೆ ಅಂದೆ. ಮಗ ಮುಂದಿನ ವಾರ ಬರುವುದಿಲ್ಲ, ಕೊಚ್ಚಿಗೆ ಫೋನ್ ಮಾಡುತ್ತಾನೆ. ಅವರಿಗೂ ಗೊತ್ತು.

ಜುಲೈ 17, ಭಾನುವಾರ. ಸಂಜೆ 7.30

ಬೆಳಗ್ಗೆ ಎದ್ದವನೇ ಮಾತ್ರೆ ನುಂಗಿ ನೀರು ಕುಡಿದೆ. ಅಭ್ಯಾಸಬಲ. ಆಮೇಲೆ ಏಕಾದಶಿ ನೆನಪಾಯಿತು. ಉಪವಾಸವೂ ಕೆಟ್ಟಿತು, ಹೊಟ್ಟೆಗಿಲ್ಲದೆ ಮಾತ್ರೆಯೂ ಒಳಗೆ ಹೋಯಿತು. ಇನ್ನಾದರೂ ಸರಿಯಾಗಿರಲಿ ಅಂತ ಮತ್ತೇನೂ ತೆಗೆದುಕೊಳ್ಳಲಿಲ್ಲ. ಮೂರ್ಖತನ.

ಮಠದಲ್ಲಿ ದೊಡ್ಡ ಕ್ಯೂ. ತಪ್ತಮುದ್ರೆ. ಹೋಮದ ಬೆಂಕಿಯಲ್ಲಿ ಕಾಯಿಸಿದ ಚಕ್ರವನ್ನು ಸ್ವಾಮಿಗಳು ಬಲತೋಳಿಗೆ ಒತ್ತಿದರು, ಶಂಖವನ್ನು ಎಡತೋಳಿಗೆ. ಏನೂ ತಿಳಿಯುವುದಿಲ್ಲ ಅಂದುಕೊಂಡೇ ನಿಂತಿದ್ದೆ. ಚುರ್ ಅಂದಿತು! ತೋಳಿಗೆ ಇನ್ನೂ ಜೀವ ಇದೆ. ಕಣ್ಣಿನಿಂದ ಬಳಬಳ ನೀರು. ಹಿಂದಿನವರು "ಮೊದಲ ಸಲವಾ?" ಅಂತ ಕೇಳಿದರು. ಹೌದು ಅಂದೆ. ಮುದ್ರೆ ಮೊದಲ ಸಲವಲ್ಲ. ಕಂಬದ ಹಿಂದೆ ಹೋಗಿ ಅತ್ತೆ, ರಂಜನಿ ರಂಜನಿ ಅಂತ, ಐದು ನಿಮಿಷ. ಆಮೇಲೆ ಮತ್ತೆ ಎಲ್ಲ ಮೊದಲಿನಂತೆ.

ಹನ್ನೊಂದಕ್ಕೆ ರಾಯಪುರಂ. ಸೀಟಿನ ಕೆಳಗೆ ಬಗ್ಗಿ ನಟ್ ಬಿಗಿದೆ. ಎರಡು ಗಂಟೆಗೆ ಶುಗರ್ ಇಳಿದು ಬೆವರು, ಕಣ್ಣು ಮಂಜು. ಸ್ಪ್ಯಾನರ್ ಎರಡು ಸಲ ಬಿತ್ತು. ಹನ್ನೆರಡೂ ಬಿಗಿದೆ. ಬಿಗಿದೆನೆಂದೇ ನೆನಪು. ಹಗ್ಗದ ತುದಿಯನ್ನು ಜೆಟ್ಟಿಯ ಗೂಟಕ್ಕೆ ಕಟ್ಟಿ, ಗುಂಡಿ ಒತ್ತಿ, ದೋಣಿ ವಾಲುವವರೆಗೆ ಜಗ್ಗಿಸಿದೆ. ಆಫ್ ಮಾಡಿ ಒಂದೊಂದನ್ನೂ ಮುಟ್ಟಿದೆ. ತಿಳಿಯಲಿ ಅಂತ ಹತ್ತು ಎಣಿಸುವವರೆಗೂ ಬೆರಳು ಒತ್ತಿ ಹಿಡಿದೆ. ಎಲ್ಲ ತಣ್ಣಗೆ.

"ಆಯಿತಾ?" ಅಂದರು ಗಂಗಾಧರಪ್ಪ.

"ಆಯಿತು."

ಜೇಬಿನಿಂದ ಎಡಗೈ ಹೊರಗೆ ತೆಗೆದು, ಬಲಗೈಯಲ್ಲಿ ಅದನ್ನು ಎತ್ತಿ ಜೋಡಿಸಿ, ನಮಸ್ಕಾರ ಮಾಡಿದರು.

ಈಗ ಮನೆ. ಅಕ್ಷಯಾ ನೋಡಿದಳು. "ಅಪ್ಪಾ, ಎನ್ನ ಇದು? ಕೈ ಸುಟ್ಟಿರುಕ್ಕು!" ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ. ಬಲಗೈಯ ಎರಡು ಬೆರಳ ಹಿಂದೆ ಗುಳ್ಳೆ, ಅವರೆಕಾಳಿನಷ್ಟು. ಮಠದಲ್ಲಿ ಆಯಿತು ಅಂದೆ. ಏಕಾದಶಿಯ ದಿನ ಸುಳ್ಳು.

ಹನ್ನೆರಡರಲ್ಲಿ ಯಾವುದೋ ಒಂದು ಕಾದಿತ್ತು. ನನ್ನ ಬೆರಳು ಬೆಂದಿತು, ನನಗೆ ತಿಳಿಸಲಿಲ್ಲ.

ರಾತ್ರಿ 8.15

ಫೋನ್ ಮಾಡಿದೆ. ಕಲ್ಯಾಣಮ್ಮ ಎತ್ತಿದರು. ಮಗ ಒಂದು ದಿನ ಮೊದಲೇ ಬಂದಿದ್ದಾನಂತೆ, ಪಕ್ಕದಲ್ಲೇ ಕೂತಿದ್ದಾನಂತೆ. "ಇವರು ಮಧ್ಯಾಹ್ನದಿಂದ ಸಣ್ಣ ಹುಡುಗನಂಗೆ ಆಡ್ಲಿಕ್ಕೆ ಹತ್ಯಾರ. ಎಲ್ಲ ಸರಿ ಐತಲ್ಲ, ಆಚಾರ್ರೆ?"

ಹೇಳಿದರೆ ಪರೀಕ್ಷೆ ರದ್ದು, ದೋಣಿ ಕೊಚ್ಚಿಗೆ. ಹೇಳದಿದ್ದರೆ...

"ಸರಿ ಇದೆ" ಅಂದೆ. ಇಟ್ಟುಬಿಟ್ಟೆ.

ನಾಚಿಕೆ. ಹೆದರಿಕೆಗಿಂತ ನಾಚಿಕೆಯೇ ಜಾಸ್ತಿ. ಬೆರಳು ಸತ್ತಿದೆ ಅಂತ ಹೇಳಿದರೆ ನಾನು ಯಾರು ಇನ್ನು?

ಜುಲೈ 18, ಸೋಮವಾರ. ಜೆಟ್ಟಿ, 11.20

ಆರು ಗಂಟೆಗೆ ದ್ವಾದಶಿ ಪಾರಣೆ ಮುಗಿಸಿ ಹೊರಟೆ. ಟ್ರೈನಿನಲ್ಲಿ ಏನು ಹೇಳಬೇಕೆಂದು ನಾಲ್ಕು ಬಗೆಯಲ್ಲಿ ಯೋಚಿಸಿದೆ. ಒಂದೂ ಬಾಯಿಗೆ ಬರಲಿಲ್ಲ. ಎಲ್ಲರೂ ಜೆಟ್ಟಿಯಲ್ಲಿದ್ದರು. ಗಂಗಾಧರಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಗೆ ವಿಭೂತಿ.

"ಹೋಗಬೇಡಿ," ಅಂದೆ. "ಒಂದು ಜಾಯಿಂಟು ಸಡಿಲ ಇದೆ. ಯಾವುದು ಅಂತ ನನಗೆ ಗೊತ್ತಿಲ್ಲ. ನನ್ನ ಬೆರಳಿಗೆ ಬಿಸಿ ತಿಳಿಯುವುದಿಲ್ಲ. ನಾಲ್ಕು ತಿಂಗಳಾಯಿತು. ನಿಮಗೆ ಹೇಳದೆ ಕೆಲಸ ಒಪ್ಪಿಕೊಂಡೆ. ನಿನ್ನೆ ಫೋನಿನಲ್ಲೂ ಸುಳ್ಳು ಹೇಳಿದೆ." ಗುಳ್ಳೆ ತೋರಿಸಿದೆ.

ಶಿವರಂಜನ್ ಮುಖ ಕೆಂಪು. "ಏನ್ ಸಾರ್ ಇದು! ನಡುನೀರಲ್ಲಿ ಬೆಂಕಿ ಬಿದ್ದಿದ್ರೆ? ಅಪ್ಪಾ, ಸಾಕು. ಮಾರಿಬಿಡೋಣ."

ಸರಿಯಾಗಿಯೇ ಹೇಳಿದ. ತಲೆ ತಗ್ಗಿಸಿ ನಿಂತೆ. ಗಂಗಾಧರಪ್ಪ ದೋಣಿಯ ಕಡೆ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನ ಕಡೆ ತಿರುಗಿ, "ಆಚಾರ್ರೆ, ನಾ ಮುಟ್ಟಿ ನೋಡ್ಲಾ? ಬಲಗೈ ನೆಟ್ಟಗೈತಿ," ಅಂದರು. ಅದು ಆಗುವುದಿಲ್ಲ. ಸೀಟಿನ ಕೆಳಗೆ ಮಂಡಿಯೂರಿ ಬಗ್ಗಬೇಕು, ಅವರ ಕಾಲು ಕೊಡುವುದಿಲ್ಲ. ಮಗ ಕೈ ಕಟ್ಟಿ ನಿಂತಿದ್ದ.

ಕಲ್ಯಾಣಮ್ಮ ಕೊಡೆ ಮಡಚಿದರು.

"ಐವತ್ತು ವರ್ಷ ಹಂಚಿನ ಮ್ಯಾಲೆ ರೊಟ್ಟಿ ಬೇಯಿಸೀನಿ. ಬಿಸಿ ಎಷ್ಟೈತಿ ಅಂತ ನನಗೆ ನೀವು ಹೇಳಿಕೊಡ್ತೀರೇನು? ಸರೀರಿ ಅತ್ತಾಗ," ಅಂದರು.

ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಜೆಟ್ಟಿಯ ಅಂಚಿಗೆ ಬಂದು ನಿಂತರು. ದೋಣಿ ಅಲುಗಿತು. ಅಯ್ಯಯ್ಯ ಅಂದರು, ಹಿಂದೆ ಬಂದರು. ಮತ್ತೆ ಹೋದರು. ಗಂಗಾಧರಪ್ಪ ತಾವು ಮೊದಲು ಹತ್ತಿ, ಒಳಗಿನಿಂದ ಬಲಗೈ ಚಾಚಿದರು. ಕಲ್ಯಾಣಮ್ಮ ಕಣ್ಣು ಮುಚ್ಚಿ, ಶಿವ ಶಿವ ಅನ್ನುತ್ತ, ಒಳಗೆ ಕಾಲಿಟ್ಟರು. ಒಂಬತ್ತು ವರ್ಷದ ಮೇಲೆ.

ನಾನು ಗುಂಡಿ ಒತ್ತಿ ಜಗ್ಗಿಸಿದೆ, ಆಫ್ ಮಾಡಿದೆ. ಅವರು ಮಂಡಿಯೂರಿ ಗೂಡಿನೊಳಗೆ ಕೈ ಹಾಕಿದರು. ಒಂದು, ಎರಡು, ಮೂರು ತಣ್ಣಗೈತಿ ಅಂದರು. ಏಳನೆಯದಕ್ಕೆ "ಅಬ್ಬಬ್ಬಾ! ಹಂಚು!" ಅಂತ ಕೈ ಹಿಂದಕ್ಕೆಳೆದುಕೊಂಡರು. ಸ್ಪ್ಯಾನರ್ ಹಾಕಿದೆ. ಒಂದೂವರೆ ಸುತ್ತು ಬಂತು. ನಿನ್ನೆ ನಾನು ಬಿಗಿದೇ ಇರಲಿಲ್ಲ.

ಮೂರು ಸಲ ಮತ್ತೆ ಜಗ್ಗಿಸಿದೆ. ಮೂರು ಸಲವೂ ಅವರು ಹನ್ನೆರಡನ್ನೂ ಮುಟ್ಟಿದರು. "ಈಗ ಕೂಸಿನ ಹಣಿ ಇದ್ದಂಗೈತಿ. ಜ್ವರ ಇಲ್ಲ."

ಕೆಳಗಿಳಿಯುತ್ತಾರೆ ಅಂದುಕೊಂಡೆ. ಇಳಿಯಲಿಲ್ಲ. ಗೂಡಿನ ಪಕ್ಕದ ಸೀಟಿನಲ್ಲೇ ಗಟ್ಟಿಯಾಗಿ ಕಂಬಿ ಹಿಡಿದು ಕೂತರು. "ನಡೀರಿ. ನಡುನಡುವೆ ಮುಟ್ಟಿ ನೋಡ್ತೀನಿ." ಮಗ "ಅಮ್ಮಾ, ನೀನು ಪ್ರತಿ ಸಲ ಹೋಗ್ತೀಯಾ?" ಅಂದ. "ಹೋಗ್ದೆ? ಒಂಬತ್ತು ವರ್ಷ ಅಲ್ಲಿ ಬಿಸಲಾಗೆ ಕುಂತು ಏನು ಸುಖ ಕಂಡೆ?" ಅಂದರು. ಅವನೂ ದೋಣಿಯೊಳಗೆ ಇಳಿದು ಕೂತ.

ನಾನು ಜೆಟ್ಟಿಯಲ್ಲೇ ಉಳಿದೆ. ಹಾರ್ಬರ್ ಬಾಯಿಯ ಹತ್ತಿರ ಹಾಯಿ ಏರಿತು. ನಿಂತು ನಿಂತು ಏರಿತು, ಪೂರ್ತಿ ಏರಿತು. ಹೊಗೆ ಇಲ್ಲ. ಇಳಿಯಿತು. ಮತ್ತೆ ಏರಿತು. ಬಿಳಿ ಶರ್ಟು ಒಂದೇ ಕೈ ಎತ್ತಿ ನನ್ನ ಕಡೆ ಬೀಸಿತು.

ವಾಪಸ್ ಬಂದರು. ಶಿವರಂಜನ್ ಫೋನ್ ಹಿಡಿದು ಆಚೆ ಹೋದ. ಕೊಚ್ಚಿಯವನಿಗೆ ಇಲ್ಲ ಅನ್ನುತ್ತಿದ್ದದ್ದು ಕೇಳಿಸಿತು. ಗಂಗಾಧರಪ್ಪ ಹೆಂಡತಿಯನ್ನು ಇಳಿಸಿ, "ಆಚಾರ್ರೆ, ಹೇಳಿದ್ರಲ್ಲ, ಅಷ್ಟು ಸಾಕು," ಅಂದರು. ಸಾಕಾ? ಗೊತ್ತಿಲ್ಲ. ಇದೇ ಕೊನೆಯ ಕೆಲಸ. ಸಂಜೆ ಅಕ್ಷಯಾಗೆ ಗುಳ್ಳೆಯ ನಿಜ ಹೇಳಬೇಕು.

ಕಲ್ಯಾಣಮ್ಮ ಫ್ಲಾಸ್ಕ್ ತೆರೆದು ಕಾಫಿ ಬಗ್ಗಿಸಿದರು. ಈ ಸಲ ಬೇಡ ಅನ್ನಲಿಲ್ಲ. ಕೈ ಚಾಚಿದೆ. ಅವರು ಲೋಟ ಕೊಡಲಿಲ್ಲ, ತಮ್ಮ ಕೈಯಲ್ಲೇ ಹಿಡಿದುಕೊಂಡರು.

"ತಡೀರಿ, ಬಿಸಿ ಐತಿ."

ತಡೆದೆ. ಪಕ್ಕದಲ್ಲಿ ಕೂತು ಕಾಫಿ ಆರಿಸುತ್ತಿದ್ದಾರೆ. ನಾನು ತಲೆ ತಗ್ಗಿಸಿ ಇದನ್ನು ಬರೆಯುತ್ತಿದ್ದೇನೆ, ಮುಖ ಕಾಣಬಾರದು ಅಂತ. ಹದಿನಾಲ್ಕು ತಿಂಗಳಿಂದ ನನಗೆ ಯಾರೂ ಹೀಗೆ ತಡೀರಿ ಅಂದಿಲ್ಲ.