ಹೊಟ್ಟೆನೋವಿನ ಸೋಮವಾರ

ಜೂನ್ 24, ಸೋಮವಾರ

ಮದುವೆಯಾಗಿ ಹತ್ತೊಂಬತ್ತು ದಿನ! ಗುಟ್ಟಾಗಿ ಹೇಳಿದ್ದ ನನ್ನ ಶಾಲೆಯ ಅಡ್ಡಹೆಸರನ್ನು ಇವರು ಇವತ್ತು ರಾತ್ರಿ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಕೂಗಿಬಿಟ್ಟರು. "ಏ ರೋಡ್ ರೋಲರ್, ಸ್ವಲ್ಪ ನೀರು ಕೊಡೇ!" ಮನೆಯೆಲ್ಲ ನಕ್ಕಿತು, ನಾನೂ ನಕ್ಕೆ. ಮುದ್ದಿಗೇ ಕರೆದದ್ದು, ಪಾಪ. ಆದರೂ ನೀರು ಕೊಟ್ಟು, ತಟ್ಟೆ ಅರ್ಧಕ್ಕೇ ಬಿಟ್ಟೆ.

ಆರನೇ ಕ್ಲಾಸಿನಲ್ಲಿ ಆ ಹೆಸರಿಗೆ ಹೆದರಿ, ಊಟದ ಬಿಡುವಿನಲ್ಲಿ ಗಂಟೆ ಹೊಡೆಯುವ ಆಯಾಳ ಕೋಣೆಗೆ ಓಡುತ್ತಿದ್ದೆ. ಪೊರಕೆಗಳು, ಫಿನೈಲ್ ವಾಸನೆ, ಒಂದು ಕುಂಟು ಸ್ಟೂಲು. ಏನಾಯಿತೆಂದು ಆಕೆ ಒಮ್ಮೆಯೂ ಕೇಳಲಿಲ್ಲ. "ನಿಧಾನಕ್ಕೆ ತಿನ್ನು ಮಗಾ, ನಾನಿನ್ನೂ ಗಂಟೆ ಹೊಡಿಯಲ್ಲ" ಎನ್ನುತ್ತಿದ್ದಳು. ಇಡೀ ಶಾಲೆಯನ್ನು ನನಗೋಸ್ಕರ ಎರಡು ನಿಮಿಷ ನಿಲ್ಲಿಸುತ್ತಿದ್ದಳು! ಇವರು ಕೊಡಿಸಿದ ಸೆಂಟಿಗಿಂತ ನನಗೆ ಇವತ್ತಿಗೂ ಫಿನೈಲೇ ಇಷ್ಟ. (ಇವರಿಗೆ ಹೇಳಬಾರದು.)

ಪಾತ್ರೆ ಎತ್ತುವಾಗ ಭಾವನ ಮಗಳು ಕೈ ಜಗ್ಗಿದಳು. ಶಾಲೆ ಶುರುವಾದಾಗಿನಿಂದ ದಿನಾ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು. ಇವತ್ತೂ ಇತ್ತು. ಮನೆಯವರು ನಾಟಕ ಎನ್ನುತ್ತಾರೆ.

"ಚಿಕ್ಕಮ್ಮ, ನಿಮಗೂ ಹೆಸರಿಟ್ಟಿದ್ರಾ?"

"ಹೂಂ ಕಣೇ. ನಿಂಗೆ?"

ಕಿವಿಯಲ್ಲಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇವರಿಗೆ ಎಲ್ಲ ಹೇಳಿದೆ. ಮುಖ ಚಿಕ್ಕದಾಯಿತು. "ನಾನೆಂಥ ಕತ್ತೆ!" ಎಂದರು. ನಾಳೆ ಇಬ್ಬರೂ ಅವಳ ಶಾಲೆಗೆ ಹೋಗುತ್ತೇವೆ. ಟೀಚರ್ ಹತ್ತಿರ ಜಗಳವಾಡದೆ, ಆದರೆ ಬಿಡದೆ ಮಾತಾಡಬೇಕು. ಹೇಗೆ ಶುರು ಮಾಡಲಿ? 'ನಮ್ಮ ಭಾವನ ಮಗಳು' ಎಂದರೆ ದೂರದ ಮಾತಾಯಿತು. 'ನಮ್ಮ ಮಗು' ಎಂದೇ ಹೇಳುತ್ತೇನೆ. ನಮ್ಮ ಮಗು. ಅಯ್ಯೋ, ಬರೆಯುವಾಗಲೇ ಕಣ್ಣು...